ಫಿಟ್ ಅಂತ ಬರೆದುಕೊಟ್ಟ ಮೇಲೂ

ಹೃದಯದ ಆಪರೇಷನ್ ಆದವರು ಕೆಲಸಕ್ಕೆ ಯಾವಾಗ ಹೋಗಬಹುದು? ಕೂತು ಮಾಡುವ ಕೆಲಸವಾದರೆ ಸುಮಾರು 6ರಿಂದ 8 ವಾರ. ಮೈಮುರಿದು ದುಡಿಯುವ ಕೆಲಸವಾದರೆ 12 ವಾರ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಡಾಕ್ಟರು ಹೇಳುವ ಲೆಕ್ಕ ಹೆಚ್ಚುಕಡಿಮೆ ಇದೇ. ಸೀಳಿದ ಎದೆಮೂಳೆ ಕೂಡಿಕೊಳ್ಳಲು ಎಷ್ಟು ಸಮಯ ಬೇಕು ಎಂದು ನೋಡಿ ಹೇಳುವ ಲೆಕ್ಕ ಅದು. ತಪ್ಪೇನಿಲ್ಲ. ಆದರೆ ಮೂಳೆ ಕೂಡಿಕೊಂಡ ಮೇಲೂ ಹೊಸ್ತಿಲು ದಾಟಲಾಗದೆ ಕೂತವರು ಬೇಕಾದಷ್ಟು ಜನ ಇದ್ದಾರೆ. ಕೆಲವು ವಾರ ನಾನೂ ಅವರಲ್ಲಿ ಒಬ್ಬಳಾಗಿದ್ದೆ. ಆ ವಾರಗಳಲ್ಲಿ ಏನಾಯಿತು, ಯಾಕಾಯಿತು ಎಂಬುದನ್ನು ಬರೆಯಬೇಕು ಎಂದು ತುಂಬಾ ದಿನದಿಂದ ಅಂದುಕೊಂಡಿದ್ದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಚಿಕ್ಕವಳಿದ್ದಾಗ ಬಂದ ರುಮ್ಯಾಟಿಕ್ ಜ್ವರ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಕೆಡಿಸಿತ್ತು. ವರ್ಷ ಕಳೆದ ಹಾಗೆ ಅದು ಕಿರಿದಾಗುತ್ತಾ ಬಂತು. ಕೊನೆಗೆ ಎದೆಮೂಳೆ ಸೀಳಿ, ಹೃದಯವನ್ನು ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಹಳೆಯ ಕವಾಟದ ಜಾಗದಲ್ಲಿ ಕಾರ್ಬನ್ನಿನ ಕವಾಟ ಕೂರಿಸಿದರು. ಬೈಪಾಸ್ ಆದವರಿಗೂ ನನಗೂ ಒಳಗಿನ ಕೆಲಸ ಬೇರೆ. ಆದರೆ ಎದೆಯ ಮೇಲಿನ ಗಾಯ ಒಂದೇ. ಭಯವೂ ಬಹುಮಟ್ಟಿಗೆ ಒಂದೇ.

ಈ ಭಯಕ್ಕೆ ಒಂದು ಚರಿತ್ರೆಯೂ ಇದೆ. ಹೃದಯಕ್ಕೂ ಶ್ವಾಸಕೋಶಕ್ಕೂ ಬದಲಾಗಿ ದುಡಿಯುವ ಯಂತ್ರ ಬಳಸಿ ಮೊದಲ ಸಲ ಯಶಸ್ವಿಯಾಗಿ ಹೃದಯ ತೆರೆದದ್ದು 1953ರಲ್ಲಿ, ಜಾನ್ ಗಿಬ್ಬನ್ ಎಂಬ ಸರ್ಜನ್. ಆಲ್ಬರ್ಟ್ ಸ್ಟಾರ್ ಎಂಬ ಸರ್ಜನ್ ಮೈಟ್ರಲ್ ಜಾಗಕ್ಕೆ ಕೃತಕ ಕವಾಟ ಹಾಕಿದ್ದು 1960ರಲ್ಲಿ; ಅವರ ರೋಗಿಯೊಬ್ಬರು ಆಮೇಲೆ ವರ್ಷಗಟ್ಟಲೆ ಬದುಕಿದರು. ಕಾಲಿನ ರಕ್ತನಾಳ ಬಳಸಿ ಮಾಡುವ ಬೈಪಾಸನ್ನು ರೆನೆ ಫವಲೊರೊ ರೂಢಿಗೆ ತಂದದ್ದು 1967ರ ನಂತರ. ಅಂದರೆ ಎದೆ ಬಿಚ್ಚಿ ಹೊಲಿಸಿಕೊಂಡವರು ಮತ್ತೆ ಕೆಲಸಕ್ಕೆ ಹೋಗುವುದು ಎಂಬುದೇ ಇತ್ತೀಚಿನ ಸಂಗತಿ. ಮನೆಯ ಹಿರಿಯರಿಗೆ ಇದರ ಅನುಭವ ಇಲ್ಲ. ಅವರ ಮನಸ್ಸಿನಲ್ಲಿರುವುದು ಅದಕ್ಕೂ ಹಿಂದಿನ ಕಾಲ. ಹೃದಯಾಘಾತ ಆದರೆ ವಾರಗಟ್ಟಲೆ ಹಾಸಿಗೆಯಿಂದ ಏಳಬಾರದು ಎಂದು ಡಾಕ್ಟರುಗಳೇ ಹೇಳುತ್ತಿದ್ದ ಕಾಲ. 1952ರಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಯನ್ನು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಎಂದರೆ ಅದೇ ದೊಡ್ಡ ಧೈರ್ಯ. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಅವರನ್ನು ನೋಡಿಕೊಂಡ ಪಾಲ್ ಡಡ್ಲಿ ವೈಟ್ ಎಂಬ ಹೃದ್ರೋಗ ತಜ್ಞರು ಕೆಲಸಕ್ಕೆ ಮರಳಬಹುದು ಎಂಬ ಭರವಸೆಯನ್ನು ಎಲ್ಲರೆದುರು ಇಟ್ಟರು. ಮರುವರ್ಷ ಅಧ್ಯಕ್ಷರು ಚುನಾವಣೆಗೆ ನಿಂತು ಮತ್ತೆ ಗೆದ್ದರು. ಇಷ್ಟೆಲ್ಲಾ ಆಗಿದ್ದರೂ ನಮ್ಮತ್ತೆ ನನಗೆ ಹೇಳುತ್ತಿದ್ದ ಮಾತು ಒಂದೇ: "ಹೃದಯ ಕುಯ್ದಿದಾರೆ ಕಣೇ, ಸುಮ್ನೆ ಮಲಗಿರು." ಅವರದು ಪ್ರೀತಿಯ ಮಾತು. ನನ್ನ ಮನಸ್ಸು ಒಪ್ಪಿಕೊಳ್ಳಲು ಕಾಯುತ್ತಿದ್ದ ಮಾತೂ ಅದೇ.

ಆಸ್ಪತ್ರೆಯಿಂದ ಬರುವಾಗ ಕೊಟ್ಟ ಹಾಳೆಗಳಲ್ಲಿ ಎಲ್ಲವೂ ಇತ್ತು. ಯಾವ ಮಾತ್ರೆ ಯಾವ ಹೊತ್ತಿಗೆ, ಗಾಯ ಹೇಗೆ ತೊಳೆಯಬೇಕು, ಕೆಮ್ಮು ಬಂದಾಗ ದಿಂಬನ್ನು ಎದೆಗೆ ಒತ್ತಿ ಹಿಡಿಯಬೇಕು. ನಾಲ್ಕೈದು ಕಿಲೋಗಿಂತ ಜಾಸ್ತಿ ಭಾರ ಎತ್ತಬಾರದು, ಎರಡೂ ಕೈ ಮೇಲೆತ್ತಿ ಎಳೆಯಬಾರದು, ಗಾಡಿ ಓಡಿಸಬಾರದು. ಬಾರದು ಎಂಬ ಸಾಲುಗಳೇ ಒಂದು ಪುಟ ತುಂಬಿದ್ದವು. ಆ ಸಾಲುಗಳ ಮುಂದೆ ಎಲ್ಲಿಯವರೆಗೆ ಎಂದು ಮಾತ್ರ ಬರೆದಿರಲಿಲ್ಲ.

ಇದು ಚಿಕ್ಕ ವಿಷಯ ಅಂತ ಅನಿಸಬಹುದು. ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬುಡ ಇಲ್ಲೇ ಇದೆ. ಪುನಶ್ಚೇತನ ಕೇಂದ್ರದಲ್ಲಿ ನನ್ನ ಜೊತೆ ವ್ಯಾಯಾಮಕ್ಕೆ ಬರುತ್ತಿದ್ದ ಬಡಗಿಯೊಬ್ಬರಿದ್ದರು. ಬೈಪಾಸ್ ಆಗಿ ಆರು ತಿಂಗಳ ಮೇಲಾಗಿತ್ತು. ಆದರೂ ನೀರಿನ ಕೊಡ ಮುಟ್ಟುತ್ತಿರಲಿಲ್ಲ, ಮೊಮ್ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ರಂದ ಹಿಡಿಯುವ ಮಾತು ಹಾಗಿರಲಿ. "ಭಾರ ಎತ್ತಬೇಡಿ ಅಂದಿದಾರಲ್ಲ" ಎಂದರು. ಯಾವಾಗ ಅಂದಿದ್ದು ಎಂದು ಫಿಸಿಯೋಥೆರಪಿಸ್ಟ್ ಕೇಳಿದರು. "ಡಿಸ್ಚಾರ್ಜ್ ದಿವಸ." ಎದೆಮೂಳೆ 6ರಿಂದ 8 ವಾರಕ್ಕೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಸುಮಾರು 12 ವಾರಕ್ಕೆ ಬಹುಪಾಲು ಜನರಿಗೆ ಗಟ್ಟಿಯಾಗುತ್ತದೆ. ಅವರ ಮೂಳೆ ಎಂದೋ ವಾಸಿಯಾಗಿತ್ತು. ಅವರನ್ನು ಕಟ್ಟಿಹಾಕಿದ್ದ ಮಾತನ್ನು ವಾಪಸ್ ತೆಗೆದುಕೊಳ್ಳಲು ಮಾತ್ರ ಯಾರೂ ಬಂದಿರಲಿಲ್ಲ. ಅದನ್ನು ಕೇಳಿ ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ. ಆರು ತಿಂಗಳ ದುಡಿಮೆ ಹೋಗಿದ್ದು ಒಂದು ಸಾಲು ಬರೆಯದೆ ಬಿಟ್ಟಿದ್ದಕ್ಕೆ ಅಲ್ವಾ?

ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದತೊಡಗಿದೆ. ಹೃದ್ರೋಗಿಗಳು ಕೆಲಸಕ್ಕೆ ಮರಳುವುದರ ಬಗ್ಗೆ ಒಳ್ಳೆಯ ಅಧ್ಯಯನಗಳು ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಬಂದಿವೆ. ಅಲ್ಲಿನ ಕೀತ್ ಪೆಟ್ರಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನನ್ನು ಹಿಡಿದು ಕೂರಿಸಿತು. ಮೊದಲ ಸಲ ಹೃದಯಾಘಾತ ಆದವರನ್ನು ಆಸ್ಪತ್ರೆಯಲ್ಲೇ ಮಾತಾಡಿಸಿ, ನಿಮ್ಮ ಕಾಯಿಲೆ ಎಷ್ಟು ದಿನ ಇರುತ್ತದೆ, ಬದುಕನ್ನು ಎಷ್ಟು ಕೆಡಿಸುತ್ತದೆ ಎಂದು ನಿಮಗನಿಸುತ್ತದೆ ಎಂದು ಅವರು ಕೇಳಿದ್ದರು. ಬೇಗ ಮುಗಿಯುತ್ತದೆ, ಅಷ್ಟೇನೂ ಹಾಳಾಗುವುದಿಲ್ಲ ಎಂದುಕೊಂಡವರು 6 ವಾರದೊಳಗೆ ಕೆಲಸಕ್ಕೆ ಮರಳುವುದು ಹೆಚ್ಚು ಎಂದು ಕಂಡುಬಂತು. ಅದೇ ಊರಿನ ಎಲಿಜಬೆತ್ ಬ್ರಾಡ್‌ಬೆಂಟ್ ಮತ್ತು ತಂಡ 2004ರಲ್ಲಿ ಇನ್ನೂ ಸರಳವಾದ ಕೆಲಸ ಮಾಡಿತು. ರೋಗಿಗಳ ಕೈಗೆ ಕಾಗದ ಕೊಟ್ಟು, ನಿಮ್ಮ ಹೃದಯ ಈಗ ಹೇಗಿದೆ ಎಂದು ಬರೆದು ತೋರಿಸಿ ಎಂದರು. ಕೆಲವರು ಸುಮ್ಮನೆ ಹೃದಯ ಬರೆದರು. ಕೆಲವರು ಅದರಲ್ಲಿ ಕಪ್ಪು ಮಾಡಿ, ಇಷ್ಟು ಭಾಗ ಕೆಟ್ಟಿದೆ ಎಂದು ತೋರಿಸಿದರು. ಹೆಚ್ಚು ಕೆಟ್ಟಿದೆ ಎಂದು ಬರೆದವರು ಕೆಲಸಕ್ಕೆ ಮರಳುವುದೂ ನಿಧಾನವಾಯಿತು.

ಇದನ್ನು ಓದಿದ ರಾತ್ರಿ ನಾನೂ ಬರೆದು ನೋಡಿದೆ. ರೇಖಾಗಣಿತ ಹೇಳಿಕೊಡುವ ಕೈ ನನ್ನದು. ಆದರೂ ನನ್ನ ಹೃದಯದ ಚಿತ್ರದಲ್ಲಿ ಕವಾಟದ ಜಾಗ ಇಡೀ ಹೃದಯದ ಅರ್ಧದಷ್ಟು ದೊಡ್ಡದಾಗಿ ಬಂತು. ಸುತ್ತ ಹೊಲಿಗೆ. ಉಳಿದ ಭಾಗ, ಅಂದರೆ ನೆಟ್ಟಗೆ ಕೆಲಸ ಮಾಡುತ್ತಿರುವ ಅಷ್ಟೂ ಸ್ನಾಯು, ಮೂಲೆಗೆ ಸರಿದಿತ್ತು. ಮರುದಿನ ಕಾರ್ಡಿಯಾಲಜಿಸ್ಟ್ ಹತ್ತಿರ ಹೋದಾಗ ಅದನ್ನು ತೋರಿಸಿದೆ. ಅವರು ನಗಲಿಲ್ಲ. ನನ್ನ ಹೃದಯದ ಸ್ಕ್ಯಾನಿನ, ಅಂದರೆ ಎಕೋ ರಿಪೋರ್ಟ್ ತೆಗೆದು, ಪಕ್ಕದಲ್ಲಿ ಅಳತೆಗೆ ಸರಿಯಾಗಿ ಇನ್ನೊಂದು ಚಿತ್ರ ಬರೆದರು. ಕವಾಟ ಎಷ್ಟು ಚಿಕ್ಕದು, ಅದರ ಕೆಳಗಿನ ಕೋಣೆ ಎಷ್ಟು ದಪ್ಪ, ಅದು ಎಷ್ಟು ಚೆನ್ನಾಗಿ ಹಿಂಡುತ್ತಿದೆ ಎಂದು ತೋರಿಸಿದರು. ಆ ಕಾಗದ ನನ್ನ ಪಾಠದ ಡೈರಿಯಲ್ಲಿದೆ. ಪೆಟ್ರಿ ಅವರ ತಂಡ 2002ರಲ್ಲಿ ಇದೇ ಜಾಡಿನಲ್ಲಿ ಒಂದು ಪ್ರಯೋಗ ಮಾಡಿತ್ತು. ರೋಗಿ ಆಸ್ಪತ್ರೆಯಲ್ಲಿ ಇರುವಾಗಲೇ ಮನಶ್ಶಾಸ್ತ್ರಜ್ಞರು ಮೂರು ಸಲ ಕೂತು, ಕಾಯಿಲೆ ಬಗ್ಗೆ ಅವರು ಅಂದುಕೊಂಡಿದ್ದನ್ನು ಕೇಳಿ, ತಪ್ಪಿದ್ದಲ್ಲಿ ತಿದ್ದುವುದು. ಹಾಗೆ ಮಾತಾಡಿಸಿಕೊಂಡವರು ಉಳಿದವರಿಗಿಂತ ಬೇಗ ಕೆಲಸಕ್ಕೆ ಹೋದರು. ಮೂರೇ ಮೂರು ಮಾತುಕತೆ! ಎಲ್ಲ ಕಡೆ ಇದನ್ನು ಯಾಕೆ ಮಾಡಬಾರದು?

ಲೆಕ್ಕ ನನಗೆ ಯಾವಾಗಲೂ ಧೈರ್ಯ ಕೊಡುತ್ತದೆ. ಹಾಗಾಗಿ ನನ್ನ ಕೆಲಸವನ್ನೂ ಲೆಕ್ಕಕ್ಕೆ ಇಳಿಸಿದೆ. ದೇಹ ಎಷ್ಟು ದುಡಿಯುತ್ತಿದೆ ಎಂದು ಅಳೆಯಲು ಮೆಟ್ ಎಂಬ ಅಳತೆ ಇದೆ. ಸುಮ್ಮನೆ ಕೂತಿದ್ದರೆ 1 ಮೆಟ್. ಕೂತು ಮಾಡುವ ಆಫೀಸ್ ಕೆಲಸ ಸುಮಾರು ಒಂದೂವರೆ. ನಿಂತು ಪಾಠ ಮಾಡುವುದು ಎರಡು, ಎರಡೂವರೆ. ಮೆಟ್ಟಿಲು ಹತ್ತುವುದು ಸುಮಾರು 4. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ನಾನು 7 ಮೆಟ್ ತನಕ ಏನೂ ತೊಂದರೆ ಇಲ್ಲದೆ ನಡೆದಿದ್ದೆ. ಅಂದರೆ ನನ್ನ ಶಾಲೆಯ ಅತಿ ಕಷ್ಟದ ಕೆಲಸ ಮೇಲಿನ ಮಹಡಿಗೆ ಹತ್ತುವುದು. ಅದಕ್ಕೂ ನನ್ನ ಹತ್ತಿರ ಬೇಕಾದಷ್ಟು ಶಕ್ತಿ ಉಳಿದಿತ್ತು. ಇದನ್ನು ನೋಡಿಯೇ ಡಾಕ್ಟರು ಫಿಟ್ ಎಂದು ಬರೆದುಕೊಟ್ಟಿದ್ದು.

ಸರ್ಟಿಫಿಕೇಟ್ ಕೈಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ ನಿಂತರೆ ಕಾಲು ಏಳುತ್ತಿರಲಿಲ್ಲ.

ಕಾರಣ ಈಗ ಗೊತ್ತಾಗುತ್ತದೆ. ಆಪರೇಷನ್‌ಗೆ ಮುಂಚಿನ ವರ್ಷವೆಲ್ಲಾ ಮೆಟ್ಟಿಲು ಎಂದರೆ ಉಸಿರು ಕಟ್ಟುವುದು ಎಂದೇ ನನ್ನ ದೇಹ ಕಲಿತಿತ್ತು. ಕವಾಟ ಬದಲಾಯಿತು, ಕಲಿತದ್ದು ಬದಲಾಗಲಿಲ್ಲ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಬರೆದ ಲೇಖನದಲ್ಲಿ, ಒಂದು ಕೆಲಸ ನನ್ನಿಂದ ಆಗುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಹುಟ್ಟುವುದು ಅದನ್ನು ಕೈಯಾರೆ ಮಾಡಿದಾಗ ಎನ್ನುತ್ತಾರೆ. ಬೇರೆಯವರ ಧೈರ್ಯದ ಮಾತು ಅದಕ್ಕಿಂತ ಕೆಳಗೆ. ನನ್ನ ಫಿಸಿಯೋಥೆರಪಿಸ್ಟ್ ಬಂಡೂರ ಅವರನ್ನು ಓದಿದ್ದರೋ ಇಲ್ಲವೋ. ಆದರೆ ಮಾಡಿಸಿದ್ದು ಅದನ್ನೇ. ಮೊದಲು ನಾಲ್ಕು ಮೆಟ್ಟಿಲು, ನಿಲ್ಲುವುದು, ಇಳಿಯುವುದು. ಆಮೇಲೆ ಅರ್ಧ. ಆಮೇಲೆ ಒಂದು ಮಹಡಿ ಪೂರ್ತಿ, ನಡುವೆ ಮಾತಾಡುತ್ತಾ. ನಾಡಿ ಎಣಿಸಲು ಬಿಡುತ್ತಿರಲಿಲ್ಲ. ಹೃದಯದ ಬಡಿತ ನಿಧಾನವಾಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಹೇಗೂ ಪೂರ್ತಿ ಏರುವುದಿಲ್ಲ, ಅದನ್ನು ನೋಡಿ ಶ್ರಮ ಅಳೆಯಲಾಗದು ಎನ್ನುತ್ತಿದ್ದರು. ಬದಲಿಗೆ ಗೋಡೆಯ ಮೇಲೆ ಬೋರ್ಗ್ ಅಳತೆಯ ಪಟ್ಟಿ ಇತ್ತು. 6 ಅಂದರೆ ಏನೂ ಶ್ರಮವಿಲ್ಲ, 20 ಅಂದರೆ ಇನ್ನು ಸಾಧ್ಯವೇ ಇಲ್ಲ. ನಿಮಗೆ ಎಷ್ಟು ಅನಿಸುತ್ತದೆ ಎಂದು ಕೇಳುತ್ತಿದ್ದರು. ನಾನು 11 ಎನ್ನುತ್ತಿದ್ದೆ, 12 ಎನ್ನುತ್ತಿದ್ದೆ. ನನ್ನ ದೇಹದ ಬಗ್ಗೆ ನನ್ನ ಮಾತನ್ನೇ ಅಳತೆಯಾಗಿ ಒಬ್ಬರು ಒಪ್ಪಿಕೊಂಡದ್ದು ನನಗೆ ತುಂಬಾ ದೊಡ್ಡದಾಗಿ ಕಂಡಿತು.

ಇನ್ನು ಮನೆಯವರು. ಯಜಮಾನರು ನನಗಿಂತ ಜಾಸ್ತಿ ಹೆದರಿದ್ದರು. ರಾತ್ರಿ ನಾನು ಮಗ್ಗುಲಾದರೆ ಎದ್ದು ಕೂರುತ್ತಿದ್ದರು. ಕೈಯಿಂದ ಬಕೆಟ್ ಕಿತ್ತುಕೊಳ್ಳುತ್ತಿದ್ದರು. ಶಾಲೆಯ ಮಾತು ತೆಗೆದರೆ, "ಇನ್ನೊಂದು ತಿಂಗಳು ನೋಡೋಣ ಬಿಡು" ಎನ್ನುತ್ತಿದ್ದರು. ಅವರ ಮುಖ ನೋಡಿದಾಗಲೆಲ್ಲಾ ನನ್ನ ಸ್ಥಿತಿ ಇವರು ಹೇಳುವುದಕ್ಕಿಂತ ಕೆಟ್ಟದಾಗಿದೆಯೋ ಏನೋ ಎಂಬ ಅನುಮಾನ ಬರುತ್ತಿತ್ತು. ಫಿಸಿಯೋಥೆರಪಿಸ್ಟ್ ಒಂದು ದಿನ ಅವರನ್ನೂ ಒಳಗೆ ಕರೆದರು. ನಾನು ಟ್ರೆಡ್‌ಮಿಲ್ ಮೇಲೆ ನಡೆಯುವುದನ್ನು ನಿಂತು ನೋಡಿ ಎಂದರು. ಆಮೇಲೆ ನನ್ನನ್ನು ಇಳಿಸಿ, ಅದೇ ವೇಗ, ಅದೇ ಏರಿನಲ್ಲಿ ಅವರನ್ನು ಹತ್ತಿಸಿದರು. ಕೆಲವು ನಿಮಿಷಕ್ಕೆ ಅವರ ಹಣೆ ಬೆವರಿತು. "ಇಷ್ಟೊಂದು ನಡೀತೀಯಾ ನೀನು?" ಎಂದರು. ಆ ದಿನದಿಂದ ಬಕೆಟ್ ವಿಷಯದಲ್ಲಿ ಜಗಳ ಇಲ್ಲ.

ಇದು ಆ ಫಿಸಿಯೋಥೆರಪಿಸ್ಟ್ ತಾವೇ ಯೋಚಿಸಿ ಮಾಡಿದ್ದು ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, 1985ರಲ್ಲೇ ಬಂಡೂರ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ್ದರು. ಹೃದಯಾಘಾತ ಆದ ಗಂಡಸರ ಹೆಂಡತಿಯರಲ್ಲಿ ಕೆಲವರು ಹೊರಗೆ ಕಾದರು, ಕೆಲವರು ಗಂಡ ನಡೆಯುವುದನ್ನು ನೋಡಿದರು, ಕೆಲವರು ನೋಡಿದ್ದಲ್ಲದೆ ತಾವೂ ಮೂರು ನಿಮಿಷ ನಡೆದರು. ಗಂಡನ ಹೃದಯದ ಬಗ್ಗೆ ಧೈರ್ಯ ಬಂದದ್ದು ಹೆಚ್ಚಾಗಿ ತಾವೂ ನಡೆದವರಿಗೆ. ನೋಡಿದರೆ ಸಾಲದು, ಕಾಲಿಗೆ ತಿಳಿಯಬೇಕು.

ಮೈ ವಿಷಯ ಹೀಗೆ ದಾರಿಗೆ ಬಂತು. ತಲೆಯ ವಿಷಯ ನನ್ನನ್ನು ಹೆಚ್ಚು ಹೆದರಿಸಿತ್ತು. ಆಪರೇಷನ್ ಆದ ಮೊದಲ ವಾರಗಳಲ್ಲಿ ಪುಸ್ತಕ ಹಿಡಿದರೆ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಮಕ್ಕಳ ಹೆಸರು ನೆನಪಾಗುತ್ತಿರಲಿಲ್ಲ. ಒಂದು ಪ್ರಮೇಯವನ್ನು ಮನಸ್ಸಿನಲ್ಲೇ ಸಾಧಿಸಲು ಹೊರಟರೆ ನಡುವೆ ದಾರಿ ತಪ್ಪುತ್ತಿತ್ತು. ಗಣಿತದ ಟೀಚರಿಗೆ ಇದಕ್ಕಿಂತ ದೊಡ್ಡ ಭಯ ಇದೆಯೇ? ಮೆಟ್ಟಿಲು ಹತ್ತಲಾಗದಿದ್ದರೆ ಕೆಳಗಿನ ಕೋಣೆ ಕೇಳಬಹುದು. ಬೋರ್ಡಿನ ಮುಂದೆ ಮರೆತು ನಿಂತರೆ ಏನು ಮಾಡುವುದು? ಈ ಭಯವನ್ನು ನಾನು ಯಾರಿಗೂ ಹೇಳಲಿಲ್ಲ. ರಜೆ ಮುಂದುವರಿಸುವಾಗ ಎದೆನೋವು, ಸುಸ್ತು ಎಂದೇ ಬರೆದೆ. ಇದು ನನ್ನೊಬ್ಬಳ ಕಥೆಯಲ್ಲ. 2001ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಬೈಪಾಸ್ ಆದವರಲ್ಲಿ 53 ಶೇಕಡಾ ಜನರ ನೆನಪು, ಗಮನ, ಯೋಚನೆಯ ಶಕ್ತಿ ಡಿಸ್ಚಾರ್ಜ್ ಹೊತ್ತಿಗೆ ಕುಗ್ಗಿತ್ತು. 6 ವಾರಕ್ಕೆ ಅದು 36 ಶೇಕಡಾಕ್ಕೆ, 6 ತಿಂಗಳಿಗೆ 24 ಶೇಕಡಾಕ್ಕೆ ಇಳಿಯಿತು. ಅಂದರೆ ಮೊದಲ ತಿಂಗಳುಗಳಲ್ಲಿ ಬಹಳ ಜನಕ್ಕೆ ಮಂಜು ಕರಗುತ್ತಾ ಹೋಗುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಅಷ್ಟು ರಾತ್ರಿ ಎದ್ದು ಮಗ್ಗಿ ಒಪ್ಪಿಸಿಕೊಳ್ಳುತ್ತಿರಲಿಲ್ಲ.

ಮಗಳು ಒಂದು ಉಪಾಯ ಮಾಡಿದಳು. "ಅಮ್ಮಾ, ನನಗೆ ಪಾಠ ಮಾಡು" ಎಂದಳು. ಅವಳು ಓದುವುದು ಬೇರೆ ವಿಷಯ. ಆದರೂ ದಿನಾ ಅರ್ಧ ಗಂಟೆ ಕೂತು, ನಿಜವಾಗಿಯೂ ಅರ್ಥವಾಗದವಳ ಹಾಗೆ ಪ್ರಶ್ನೆ ಕೇಳಿದಳು. ನಿಂತು ಮಾಡು ಎಂದಳು. ಟ್ಯೂಬ್ ಹಾಕಿದ್ದ ಗಂಟಲು ಇನ್ನೂ ಒಡಕು ಒಡಕಾಗಿತ್ತು. ಜೋರಾಗಿ ಮಾತಾಡುವುದೂ ಹೀಗೇ ವಾಪಸ್ ಬಂತು.

ಕೊನೆಗೆ ಶಾಲೆಗೆ ಹೋದೆ. ಅಲ್ಲಿ ನನಗಾಗಿ ಕಾದಿದ್ದ ಕಷ್ಟ ನಾನು ಊಹಿಸಿದ್ದಲ್ಲ. ಎಲ್ಲರೂ ಒಳ್ಳೆಯವರಾಗಿದ್ದರು. ನನ್ನನ್ನು ಕುರ್ಚಿಯಿಂದ ಏಳಲು ಬಿಡಲಿಲ್ಲ. ನೋಟ್‌ಬುಕ್ಕಿನ ಕಟ್ಟು ಬೇರೆಯವರು ತಂದರು. ಪರೀಕ್ಷೆ ಬರೆಯುವ ವರ್ಷದ ತರಗತಿಯನ್ನು ನನಗೆ ಕೇಳದೆಯೇ ಇನ್ನೊಬ್ಬರಿಗೆ ಕೊಟ್ಟಿದ್ದರು. ನಿಮಗೆ ಟೆನ್ಷನ್ ಬೇಡ ಮೇಡಂ ಎಂದರು. ಆ ತರಗತಿ ನನ್ನದಾಗಿತ್ತು. ಎಷ್ಟೋ ವರ್ಷಗಳಿಂದ ನಾನು ಯಾರು ಎಂದು ನನಗೆ ತಿಳಿಯುತ್ತಿದ್ದದ್ದೇ ಆ ತರಗತಿಯಿಂದ. ಅವತ್ತು ಸ್ಟಾಫ್ ರೂಮಿನಲ್ಲಿ ಕೂತಾಗ ಆದ ನೋವು ಹೊಲಿಗೆಯ ನೋವಿಗಿಂತ ಹೆಚ್ಚಿತ್ತು ಎಂದು ಈಗಲೂ ಹೇಳುತ್ತೇನೆ. ಕರುಣೆ ತೋರಿಸುವವರು ಒಂದು ಮಾತು ಕೇಳಿ ತೋರಿಸಿದರೆ ಎಷ್ಟು ಚೆನ್ನ.

ರಾಬರ್ಟ್ ಕರಾಸೆಕ್ ಎಂಬ ಸಮಾಜವಿಜ್ಞಾನಿ 1979ರಲ್ಲಿ ಕೆಲಸದ ಒತ್ತಡವನ್ನು ಎರಡಾಗಿ ಬಿಡಿಸಿ ಹೇಳಿದ್ದಾರೆ. ಕೆಲಸ ಎಷ್ಟು ಬೇಡುತ್ತದೆ ಎಂಬುದು ಒಂದು. ಅದನ್ನು ಹೇಗೆ ಮಾಡಬೇಕೆಂದು ನಿರ್ಧರಿಸಲು ಎಷ್ಟು ಸ್ವಾತಂತ್ರ್ಯ ಇದೆ ಎಂಬುದು ಇನ್ನೊಂದು. ಬೇಡಿಕೆ ಜಾಸ್ತಿ, ಸ್ವಾತಂತ್ರ್ಯ ಕಡಿಮೆ ಆದಾಗ ಅದು ಮನುಷ್ಯನನ್ನು ಕೊರೆಯುತ್ತದೆ. ನನ್ನ ಸಹೋದ್ಯೋಗಿಗಳು ನನ್ನಿಂದ ಬೇಡಿಕೆಯನ್ನು ತೆಗೆದರು, ಜೊತೆಗೆ ಸ್ವಾತಂತ್ರ್ಯವನ್ನೂ ತೆಗೆದರು. ಇದನ್ನು ಅರ್ಥ ಮಾಡಿಕೊಂಡವರು ನಮ್ಮ ಮುಖ್ಯ ಶಿಕ್ಷಕಿ. ಒಂದು ವಾರ ನೋಡಿ, ಕರೆದು, "ನಿಮಗೆ ಏನು ಬೇಕು, ಏನು ಬೇಡ, ನೀವೇ ಬರೆದುಕೊಡಿ" ಎಂದರು. ಬರೆದೆ. ಮೊದಲ ತಿಂಗಳು ಬೆಳಗಿನ ಮೂರು ಪಿರಿಯಡ್ ಸಾಕು. ಎರಡು ಪಿರಿಯಡ್ ಬೆನ್ನಿಗೆ ಬೆನ್ನು ಬೇಡ. ಕೆಳಗಿನ ಮಹಡಿ. ನೋಟ್‌ಬುಕ್ ನಾನೇ ತರುತ್ತೇನೆ, ಎರಡು ಸಲ ಹೋಗಿ ತರುತ್ತೇನೆ. ಪರೀಕ್ಷೆಯ ಮೇಲ್ವಿಚಾರಣೆ ಕೆಲಸ ಕೊಡಿ, ಅದರಿಂದ ಬಿಡಿಸಬೇಡಿ. ಅವರು ಎಲ್ಲಕ್ಕೂ ಸಹಿ ಹಾಕಿದರು. ದಿನದ ಕೆಲಸ ಹೆಚ್ಚುಕಡಿಮೆ ಅಷ್ಟೇ ಇತ್ತು, ಆದರೆ ರಾತ್ರಿ ನಿದ್ದೆ ಬರತೊಡಗಿತು.

ಮೇಲ್ವಿಚಾರಣೆ ಬೇಕು ಎಂದು ಕೇಳಿಕೊಂಡೆನಲ್ಲ, ಅದರಲ್ಲೇ ನಾನು ಅತಿಯಾಗಿ ಹೆದರುತ್ತಿದ್ದ ವಿಷಯವೂ ಇತ್ತು. ಲೋಹ, ಕಾರ್ಬನ್ನಿನ ಕವಾಟ ಮುಚ್ಚುವಾಗ ಸದ್ದು ಮಾಡುತ್ತದೆ. ಗದ್ದಲದಲ್ಲಿ ತಿಳಿಯುವುದಿಲ್ಲ. ಪರೀಕ್ಷೆ ನಡೆಯುವ ಕೋಣೆಯಲ್ಲಿ ತಿಳಿಯುತ್ತದೆ. ಮೊದಲ ಬೆಂಚಿನ ಹುಡುಗಿಯೊಬ್ಬಳು ತಲೆ ಎತ್ತಿ, "ಮಿಸ್, ಗಡಿಯಾರದ ಸದ್ದು ಎಲ್ಲಿಂದ ಬರ್ತಿದೆ?" ಎಂದು ಕೇಳಿಯೇ ಬಿಟ್ಟಳು. ಪರೀಕ್ಷೆ ಮುಗಿದ ಮೇಲೆ ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ಬೋರ್ಡಿನ ಮೇಲೆ ಕವಾಟದ ಎರಡು ರೆಕ್ಕೆ ಬರೆದು, ಹೇಗೆ ತೆರೆಯುತ್ತದೆ, ಹೇಗೆ ಮುಚ್ಚುತ್ತದೆ ಎಂದು ವಿವರಿಸಿದೆ. ನಿಮಿಷಕ್ಕೆ 70 ಸಲ ಎಂದಾದರೆ ದಿನಕ್ಕೆ ಎಷ್ಟು, ಮಾಡಿ ನೋಡಿ ಎಂದೆ. 1,00,800. ಕೋಣೆಯಲ್ಲಿ ಓ ಎಂಬ ಉದ್ಗಾರ ಎದ್ದಿತು. ಆಮೇಲೆ ಯಾರಿಗೂ ಅದರ ಬಗ್ಗೆ ಕುತೂಹಲ ಉಳಿಯಲಿಲ್ಲ. ಕಾಲರಿನ ಅಂಚಲ್ಲಿ ಕಾಣುವ ಗಾಯದ ಗುರುತನ್ನು ಮುಚ್ಚುವುದನ್ನೂ ಆಮೇಲೆ ಬಿಟ್ಟೆ.

ಆ ಸದ್ದನ್ನು ಕೇಳಿಸಿಕೊಳ್ಳುವುದನ್ನು ನಾನೂ ಕಲಿಯಬೇಕಿತ್ತು. ಮೊದಮೊದಲು ದಿನವಿಡೀ ಅದನ್ನೇ ಆಲಿಸುತ್ತಿದ್ದೆ. ಒಂದು ಬಡಿತ ತಪ್ಪಿತು ಅನಿಸಿದರೆ ಬೆವರುತ್ತಿದ್ದೆ. ಕೌನ್ಸೆಲರ್ ಹೇಳಿದ್ದು, ಹೃದಯದ ಬಗೆಗಿನ ಆತಂಕ ಬೆಳೆಯುವುದೇ ಹೀಗೆ: ಅದನ್ನೇ ಗಮನಿಸುವುದು, ಅದಕ್ಕೆ ಹೆದರುವುದು, ಹೆದರಿ ಕೆಲಸಗಳನ್ನು ಬಿಡುವುದು. ಬಿಟ್ಟಷ್ಟೂ ಗಮನಿಸಲು ಸಮಯ ಜಾಸ್ತಿ ಸಿಗುತ್ತದೆ. ಹಾಗಾಗಿ ಡಾಕ್ಟರ್ ಜೊತೆ ಕೂತು ಯಾವುದಕ್ಕೆ ಹೆದರಬೇಕು ಎಂದು ಬರೆಸಿಕೊಂಡೆ. ಕವಾಟದ ಸದ್ದು ಮಂಕಾದರೆ ಅಥವಾ ನಿಂತರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲಿನ ಶಕ್ತಿ ಹೋದರೆ, ಮಲ ಕಪ್ಪಾದರೆ, ರಕ್ತ ನಿಲ್ಲದಿದ್ದರೆ, ಬಿಡದ ಜ್ವರ ಬಂದರೆ ಕೂಡಲೇ ಹೋಗಬೇಕು. ಎದೆಯ ಎಡಭಾಗ ಜೋಮು ಹಿಡಿದಂತಾಗುವುದು, ಗಾಯದ ಸೆಳೆತ, ಸಂಜೆ ಬರುವ ದಣಿವು, ಇವು ಮೊದಲ ತಿಂಗಳುಗಳಲ್ಲಿ ಬಂದು ಹೋಗುವಂಥವು. ಹೆದರಿಕೆಗೆ ಒಂದು ಗಡಿ ಸಿಕ್ಕಿತು.

ಎಲ್ಲರೂ ಹಳೆಯ ಕೆಲಸಕ್ಕೇ ಮರಳಬೇಕು ಎಂದು ನಾನು ಹೇಳುತ್ತಿಲ್ಲ. ನನ್ನ ಹಾಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಏಟು ಬೀಳುವ ಕೆಲಸ ಅಪಾಯ. ಕೆಲವರಿಗೆ ಹೃದಯದ ಶಕ್ತಿಯೇ ಸಾಲದು. ನಿವೃತ್ತಿ ಹತ್ತಿರ ಇದ್ದವರು ಸಾಕು ಎಂದರೆ ಅದೂ ನ್ಯಾಯವೇ. ಆದರೆ ಬಿಡುವ ತೀರ್ಮಾನ ಭಯ ಇಳಿದ ಮೇಲೆ ಆಗಬೇಕು.

ಒಂದು ವಿಷಯ ಯಾರೂ ಹೇಳದೇ ಇರುವುದು. ಮರಳಿದ ಮೊದಲ ದಿನಕ್ಕಿಂತ ಮೂರನೇ ತಿಂಗಳು ಕಷ್ಟ. ಆಗ ಎಲ್ಲರೂ ಮರೆತಿರುತ್ತಾರೆ. ನೀವು ಹೇಗಿದ್ದೀರಿ ಎಂದು ಕೇಳುವುದು ನಿಂತಿರುತ್ತದೆ. ಕೆಲಸ ಪೂರ್ತಿ ಬಂದಿರುತ್ತದೆ. ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆಗಳನ್ನು ಇಟ್ಟುಕೊಂಡು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯಾಘಾತ ಆದ ಉದ್ಯೋಗಿಗಳಲ್ಲಿ 91 ಶೇಕಡಾ ಜನ ವರ್ಷದೊಳಗೆ ಕೆಲಸಕ್ಕೆ ಮರಳಿದ್ದರು. ಹಾಗೆ ಮರಳಿದವರಲ್ಲಿ 24 ಶೇಕಡಾ ಜನ ಒಂದು ವರ್ಷ ಆಗುವಷ್ಟರಲ್ಲಿ ಮತ್ತೆ ಕೆಲಸದಿಂದ ಹೊರಗಿದ್ದರು. ನಾಲ್ಕರಲ್ಲಿ ಒಬ್ಬರ ಹತ್ತಿರ. ನಮ್ಮದು ಆಪರೇಷನ್, ಅವರದು ಹೃದಯಾಘಾತ. ಆದರೂ ಆ ಸಂಖ್ಯೆ ನೋಡಿ ನನಗೆ ಆಶ್ಚರ್ಯವಾಗಲಿಲ್ಲ. ಅಂಥದೇ ಒಂದು ತಿಂಗಳಲ್ಲಿ ನಾನೂ ರಾಜೀನಾಮೆ ಪತ್ರ ಬರೆದಿಟ್ಟಿದ್ದೆ. ದಣಿವು ಎಂದುಕೊಂಡಿದ್ದೆ. ಬೆಳಗ್ಗೆ ಎದ್ದರೆ ಯಾವುದರಲ್ಲೂ ಆಸೆ ಇಲ್ಲ. ಕಾರಣವಿಲ್ಲದೆ ಅಳು.

ಕೌನ್ಸೆಲರ್ ಎರಡೇ ಪ್ರಶ್ನೆ ಕೇಳಿದರು. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ, ಸಂತೋಷ ಇಲ್ಲ ಅನಿಸಿದ್ದು ಎಷ್ಟು ದಿನ? ಮನಸ್ಸು ಕುಗ್ಗಿದೆ, ದಾರಿ ಕಾಣುತ್ತಿಲ್ಲ ಅನಿಸಿದ್ದು ಎಷ್ಟು ದಿನ? ಹೃದ್ರೋಗಿಗಳಿಗೆ ಈ ಪ್ರಶ್ನೆಗಳನ್ನು ತಪ್ಪದೆ ಕೇಳಿ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಸಲಹೆ ಕೊಟ್ಟಿದೆ. ಬೈಪಾಸ್ ಆದವರಲ್ಲಿ ಐದರಲ್ಲಿ ಒಬ್ಬರಿಗಾದರೂ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ನನಗೂ ಮಾತುಕತೆಯ ಚಿಕಿತ್ಸೆ, ಸ್ವಲ್ಪ ಕಾಲ ಮಾತ್ರೆ ಆಯಿತು. ವಾರ್ಫರಿನ್ ಜೊತೆ ಯಾವ ಮಾತ್ರೆ ಹೊಂದುತ್ತದೆ ಎಂದು ಇಬ್ಬರು ಡಾಕ್ಟರುಗಳು ಮಾತಾಡಿಕೊಂಡು ಕೊಟ್ಟರು. ಇದನ್ನು ಕಡ್ಡಾಯವಾಗಿ ಕೇಳಿಕೊಳ್ಳಿ, ಕೆಲವು ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ರಾಜೀನಾಮೆ ಪತ್ರವನ್ನು ಕೊಡಲಿಲ್ಲ. ಮುಂದಿನ ವರ್ಷ ಪರೀಕ್ಷೆಯ ತರಗತಿ ತೆಗೆದುಕೊಳ್ಳುತ್ತೀರಾ ಎಂದು ಮುಖ್ಯ ಶಿಕ್ಷಕಿ ಹೋದ ವಾರ ಕೇಳಿದರು. ಆ ತರಗತಿ ಮೇಲಿನ ಮಹಡಿಯಲ್ಲಿದೆ. ಆಗಬಹುದು ಎಂದು ಬರೆದುಕೊಟ್ಟಿದ್ದೇನೆ, ಐಎನ್‌ಆರ್ ಎಂಬ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಪರೀಕ್ಷೆಗೆ ರಕ್ತ ಕೊಡುವ ದಿನ ಮಾತ್ರ ಮೊದಲ ಪಿರಿಯಡ್ ಬೇಡ ಎಂಬ ಷರತ್ತಿನ ಮೇಲೆ.